ಕಮಾನು ಬೇಕೇ, ಬೀರು ಬೇಕೇ?

ವಸ್ತುಸಂಗ್ರಹಾಲಯ ಕಟ್ಟುವುದು ಸರ್ಕಾರದ ಕೆಲಸ, ಇಲ್ಲವೇ ರಾಜಮಹಾರಾಜರ ಕೆಲಸ. ನಮಗೇಕೆ ಅದರ ಗೊಡವೆ ಎಂಬ ಮಾತನ್ನು ಇತ್ತೀಚೆಗೆ ಮತ್ತೆ ಮತ್ತೆ ಕೇಳುತ್ತಿದ್ದೇನೆ. ಬೇರೆಯವರು ಹೇಳಿದ್ದರೆ ಸುಮ್ಮನಿರಬಹುದಿತ್ತು. ನನ್ನ ಹಳೆಯ ವಿದ್ಯಾರ್ಥಿಗಳೇ ಹೇಳುತ್ತಿರುವುದರಿಂದ ಉತ್ತರಿಸಬೇಕಾಗಿದೆ.

1883ರ ಸೆಪ್ಟೆಂಬರ್ 15ರಂದು ಮುಂಬಯಿಯಲ್ಲಿ ಎಂಟು ಮಂದಿ ಒಂದೆಡೆ ಸೇರಿದರು. ತಾವು ಕಂಡ ಪ್ರಾಣಿಪಕ್ಷಿಗಳ ಸಂಗತಿಯನ್ನು ಪರಸ್ಪರ ಹೇಳಿಕೊಳ್ಳುವುದು, ಸಂಗ್ರಹಿಸಿದ ಮಾದರಿಗಳನ್ನು ತೋರಿಸುವುದು, ಇಷ್ಟೇ ಅವರ ಉದ್ದೇಶ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹುಟ್ಟಿದ್ದು ಹೀಗೆ. ಮೊದಲ ಕಾರ್ಯದರ್ಶಿ ಇ. ಎಚ್. ಐಟ್ಕೆನ್ ಉಪ್ಪು ಮತ್ತು ಸುಂಕದ ಇಲಾಖೆಯ ನೌಕರ. ಎಂಟರಲ್ಲಿ ಇಬ್ಬರು ನಮ್ಮವರೇ: ಪ್ರಾರ್ಥನಾ ಸಮಾಜದ ಸ್ಥಾಪಕ ಡಾ. ಆತ್ಮಾರಾಮ ಪಾಂಡುರಂಗ ಮತ್ತು ಡಾ. ಸಖಾರಾಮ ಅರ್ಜುನ. ಎರಡನೆಯವರು ರಖ್ಮಾಬಾಯಿಯವರ ಮಲತಂದೆ. ಬಾಲ್ಯವಿವಾಹದ ವಿರುದ್ಧ ನ್ಯಾಯಾಲಯದಲ್ಲಿ ನಿಂತ ಆ ಹೆಣ್ಣುಮಗಳ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಮರೆತಿರಲಾರಿರಿ.

ಇವರಿಗೆ ಕಟ್ಟಡವಿತ್ತೇ? ಇಲ್ಲ. ಮರುವರ್ಷ ಎಚ್. ಎಂ. ಫಿಪ್ಸನ್ ಎಂಬ ಮದ್ಯದ ವ್ಯಾಪಾರಿ ತನ್ನ ಅಂಗಡಿಯಲ್ಲಿ ಒಂದು ಕೋಣೆ ಬಿಟ್ಟುಕೊಟ್ಟ. (ಮದ್ಯದ ಅಂಗಡಿಯಿಂದ ಲೋಕಕ್ಕೆ ಆದ ಉಪಕಾರಗಳ ಪಟ್ಟಿ ಬಲು ಚಿಕ್ಕದು, ಇದೊಂದನ್ನು ಅದರಲ್ಲಿ ಸೇರಿಸಲೇಬೇಕು.) 1894ರಲ್ಲಿ ನಮ್ಮ ಕಾರವಾರದಿಂದ ಒಂದು ಮಂಗಟ್ಟೆ ಹಕ್ಕಿಯ ಮರಿ ಈ ಸೊಸೈಟಿಗೆ ಕಾಣಿಕೆಯಾಗಿ ಹೋಯಿತು. ವಿಲಿಯಂ ಎಂದು ಹೆಸರಾದ ಆ ಹಕ್ಕಿ 1920ರವರೆಗೆ ಕಚೇರಿಯಲ್ಲೇ ಬಾಳಿತು. ಸೊಸೈಟಿಯ ಇಂದಿನ ಕಟ್ಟಡ 'ಹಾರ್ನ್‌ಬಿಲ್ ಹೌಸ್' ಎಂಬ ಹೆಸರು ಪಡೆದದ್ದು ಅದರಿಂದಲೇ. ಅದೇ ಕಾರವಾರದ ಸೀಮೆಯಲ್ಲಿ ಐಟ್ಕೆನ್, ಅರಣ್ಯ ಇಲಾಖೆಯ ಬೆಲ್ ಮತ್ತು ಆಡಳಿತಾಧಿಕಾರಿ ಡೇವಿಡ್ಸನ್, ಈ ಮೂವರೂ ಹುದ್ದೆಯ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಕಂಬಳಿಹುಳುಗಳನ್ನು ಸಾಕಿ, ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಬರೆದರು. ಸದಸ್ಯರು ಹೀಗೆ ಕೂಡಿಹಾಕಿದ ಸಂಗ್ರಹವೇ 1920ರ ದಶಕದಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿನ ನಿಸರ್ಗ ವಿಭಾಗಕ್ಕೆ ತಳಹದಿಯಾಯಿತು. ರಾಜಕುಮಾರನ ಹೆಸರು ಹೊತ್ತದ್ದು ಕಟ್ಟಡ. ಅದರೊಳಗೆ ಸೇರಿದ್ದು ಸುಂಕದವನ, ಕಾಡಿನವನ, ವೈದ್ಯನ ಸಂಜೆಗಳು.

"ಅವರು ಸಾಹೇಬರು, ಅವರಿಗೆ ಬಿಡುವಿತ್ತು, ಬಂದೂಕಿತ್ತು, ಆಳುಗಳಿದ್ದರು" ಎನ್ನುವಿರಿ. ನಿಜ. ಆ ಆಳುಗಳ ಮಾತನ್ನೇ ಆಡೋಣ. ಬೆಟ್ಟದ ಜಾಡು ತೋರಿಸಿದವನ, ಚರ್ಮ ಸುಲಿದು ಹದಮಾಡಿದವನ ಹೆಸರು ಚೀಟಿಯಲ್ಲಿ ಅಪರೂಪಕ್ಕೂ ಸಿಗದು. ಇದು ಅನ್ಯಾಯವೇ. ಆದರೆ ಆ ಕೈಗಳನ್ನು ನಾವು ಮಾತ್ರ ಗೌರವಿಸುತ್ತಿದ್ದೇವೆಯೇ? ಸಲೀಂ ಅಲಿಯವರಂಥವರೇ 1926ರಲ್ಲಿ ಆ ನಿಸರ್ಗ ವಿಭಾಗದಲ್ಲಿ ಮಾರ್ಗದರ್ಶಿ ಉಪನ್ಯಾಸಕರಾಗಿ ಸೇರಿ, ಜರ್ಮನಿಯಲ್ಲಿ ಅಭ್ಯಾಸ ಮುಗಿಸಿ 1930ರಲ್ಲಿ ಮರಳುವಷ್ಟರಲ್ಲಿ, ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು. ಕಲ್ಲಿಗೆ ಹಣ ಹೊಂದಿಸಬಹುದು, ಮನುಷ್ಯನ ಸಂಬಳಕ್ಕೆ ಆಗದು! ಈ ಚಾಳಿ ಇಂದಿಗೂ ಹೋಗಿಲ್ಲ.

ಇನ್ನು ಸರ್ಕಾರವೇ ನೋಡಿಕೊಳ್ಳಲಿ ಎನ್ನುವವರು ದೆಹಲಿಯನ್ನು ನೆನೆಯಲಿ. ಅಲ್ಲಿಯ ರಾಷ್ಟ್ರೀಯ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯ 1978ರಲ್ಲಿ ತೆರೆದದ್ದು ಬೇರೊಂದು ಸಂಸ್ಥೆಯ ಕಟ್ಟಡದಲ್ಲಿ. 2016ರ ಏಪ್ರಿಲ್ 26ರಂದು ಬೆಂಕಿಗೆ ಸುಟ್ಟುಹೋದಾಗಲೂ ಅದು ಅಲ್ಲಿಯೇ ಇತ್ತು.

ಮತ್ತೊಂದು ವಾದ: ಮೊಬೈಲಿನಲ್ಲಿ ಎಲ್ಲ ಚಿತ್ರಗಳೂ ಸಿಗುವಾಗ ಒಣಗಿದ ಹಕ್ಕಿಯೇಕೆ? ಬ್ರಿಟನ್ನಿನಲ್ಲಿ ಬೇಟೆಹಕ್ಕಿಗಳ ಮೊಟ್ಟೆಗಳು ಗೂಡಿನಲ್ಲೇ ಒಡೆಯುತ್ತಿದ್ದವು. ಡೆರೆಕ್ ರ‍್ಯಾಟ್‌ಕ್ಲಿಫ್ ಎಂಬ ವಿಜ್ಞಾನಿ ಹಳೆಯ ಸಂಗ್ರಹಗಳಲ್ಲಿದ್ದ ಮೊಟ್ಟೆಯ ಚಿಪ್ಪುಗಳನ್ನು ಅಳೆದು, ತೂಗಿ, 1940ರ ದಶಕದ ಕೊನೆಯಿಂದ ಚಿಪ್ಪು ತೆಳುವಾಗಿದೆ ಎಂದು 1967ರಲ್ಲಿ ಪ್ರಕಟಿಸಿದರು. ಡಿಡಿಟಿ ಬಳಕೆಗೆ ಬಂದದ್ದೂ ಆ ಕಾಲದಲ್ಲೇ. ಆ ಚಿಪ್ಪುಗಳಲ್ಲಿ ಬಹುಪಾಲು ಹವ್ಯಾಸಿಗಳು ಕೂಡಿಟ್ಟವು. ಚಿತ್ರವನ್ನು ತೂಗಲಾಗದು. ಚಿಪ್ಪಿನ ಜೊತೆ ಊರು ಮತ್ತು ದಿನಾಂಕ ಬರೆದ ಚೀಟಿ ಇರದಿದ್ದರೆ ಆ ಚಿಪ್ಪೂ ಬರಿಯ ಕಸವೇ. ನನ್ನ ಮಟ್ಟಿಗೆ ಸಂಗ್ರಹಾಲಯವನ್ನು ಕಟ್ಟುವವನು ಆ ಚೀಟಿ ಬರೆಯುವವನು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಯ ವಿಜ್ಞಾನ ಕೊಠಡಿಯ ಎರಡು ಬೀರುಗಳನ್ನು ಖಾಲಿಮಾಡಿಸುವ ಮಾತು ನಡೆದಿದೆ. ಅವುಗಳಲ್ಲಿರುವುದು ನಿಮ್ಮದೇ ಆಸ್ತಿ: ಉದುರಿದ ಗರಿಗಳು, ಹಾವಿನ ಪೊರೆ, ಕೆರೆಯಂಗಳದ ಕಪ್ಪೆಚಿಪ್ಪುಗಳು, ಒಣಗಿಸಿ ಅಂಟಿಸಿದ ಗಿಡಗಳು, ಎಲ್ಲದರ ಕೆಳಗೂ ಒಂಬತ್ತನೆಯ ತರಗತಿಯ ಸೊಟ್ಟಪಟ್ಟ ಅಕ್ಷರದಲ್ಲಿ ಊರು, ತಿಥಿ, ಹೆಸರು. ಆ ಕೆರೆಯ ಜಾಗದಲ್ಲಿ ಇಂದು ಬಸ್ ನಿಲ್ದಾಣವಿದೆ. ಅಲ್ಲಿ ಏನೇನು ಬದುಕಿತ್ತು ಎಂಬುದಕ್ಕೆ ಈ ಬೀರುಗಳ ಹೊರತು ಬೇರೆ ಸಾಕ್ಷಿ ನನಗಂತೂ ತಿಳಿಯದು. ಇತ್ತ ಹಳೆಯ ವಿದ್ಯಾರ್ಥಿಗಳ ಸಂಘ ಮಹಾದ್ವಾರಕ್ಕೆ ಚಂದಾ ಎತ್ತುತ್ತಿದೆ. ಕಮಾನಿನ ಮೇಲೆ ಅಮೃತಶಿಲೆ, ಶಿಲೆಯ ಮೇಲೆ ದಾನಿಗಳ ನಾಮಾವಳಿ. ನನ್ನ ಹೆಸರೂ ಅದರಲ್ಲಿದೆಯಂತೆ.

ಗೇಟು ಈಗಲೂ ಗಟ್ಟಿಯಾಗಿದೆ. ಮಕ್ಕಳು ಅದರೊಳಗೆ ಸಲೀಸಾಗಿ ಬಂದುಹೋಗುತ್ತಿದ್ದಾರೆ. ಬೀರುಗಳಿಗೆ ಬೇಕಾದದ್ದು ಗೆದ್ದಲು ಹತ್ತದ ಹಲಗೆ, ಹೊಸ ಗಾಜು, ಎಲ್ಲವನ್ನೂ ಪಟ್ಟಿಮಾಡಿ ಜೋಪಾನ ಮಾಡಲು ಅರ್ಧ ದಿನದ ಸಂಬಳಕ್ಕೆ ಒಬ್ಬರು. ಸಂಘದ ಖಜಾಂಚಿಗಳಲ್ಲಿ ನನ್ನ ಬೇಡಿಕೆ ಸ್ಪಷ್ಟ: ನಾನು ಕೊಟ್ಟ ಹಣವನ್ನು ಬೀರುಗಳ ಲೆಕ್ಕಕ್ಕೆ ವರ್ಗಾಯಿಸಿ. ಅದಾಗದಿದ್ದರೆ ಹಿಂದಿರುಗಿಸಿ, ಹಲಗೆಯನ್ನು ನಾನೇ ಕೊಂಡು ತರುತ್ತೇನೆ.