ರಾಜನಿಗೆ ಸೂಟು ಸಾಲದು, ಸಾರಥಿಯೂ ಬೇಕು

ಪುರಾಣದ ರಾಜನಿಗೆ ಸೂಟು ತೊಡಿಸಿ, ರಥ ಬಿಡಿಸಿ ಕಾರು ಹತ್ತಿಸಿ, ಕೋಟೆ ಇದ್ದಲ್ಲಿ ಗಾಜಿನ ಗೋಪುರ ನಿಲ್ಲಿಸಿದರೆ ಹಳೆಯ ಕಥೆ ಹೊಸದಾಗುತ್ತದೆಯೇ? 2009ರ ಮಾರ್ಚ್ 15ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಶುರುವಾದ ‘ಕಿಂಗ್ಸ್’ ಧಾರಾವಾಹಿ ಆಗುತ್ತದೆಂದು ನಂಬಿತ್ತು. ಮೈಕೇಲ್ ಗ್ರೀನ್ ರೂಪಿಸಿದ ಈ ಕಥೆಗೆ ಮೂಲ ಬೈಬಲಿನ ಸೌಲ ಮತ್ತು ದಾವೀದರ ವೃತ್ತಾಂತ. ನಮ್ಮ ಕಾಲದಂತೆಯೇ ಕಾಣುವ, ಆದರೆ ಯಾವ ಭೂಪಟದಲ್ಲೂ ಇಲ್ಲದ ಗಿಲ್ಬೋವ ಎಂಬ ರಾಜ್ಯ. ಅದಕ್ಕೆ ಶೀಲೋ ಎಂಬ ಥಳಥಳಿಸುವ ರಾಜಧಾನಿ. ಅಲ್ಲಿ ದೇವರೇ ತನ್ನನ್ನು ಆರಿಸಿದ್ದಾನೆಂದು ಹೇಳಿಕೊಳ್ಳುವ ರಾಜ ಸೈಲಸ್. ಗೊಲ್ಯಾತ ಇಲ್ಲಿ ದೈತ್ಯನಲ್ಲ, ಶತ್ರುದೇಶದ ಯುದ್ಧಟ್ಯಾಂಕು. ಅದನ್ನು ಹೊಡೆದುರುಳಿಸಿ ರಾಜಕುಮಾರನನ್ನು ಕಾಪಾಡಿದ ಸಾಮಾನ್ಯ ಸೈನಿಕ ಡೇವಿಡ್ ಅರಮನೆ ಸೇರುತ್ತಾನೆ, ರಾಜನ ಮೆಚ್ಚುಗೆಯೂ ಅಸೂಯೆಯೂ ಒಟ್ಟಿಗೇ ಅವನ ಪಾಲಾಗುತ್ತವೆ. ಸೈಲಸ್‌ನಾಗಿ ಇಯಾನ್ ಮ್ಯಾಕ್‌ಶೇನ್ ಅದ್ಭುತವಾಗಿ ನಟಿಸಿದರೂ ಪ್ರೇಕ್ಷಕರು ಒಲಿಯಲಿಲ್ಲ. ವಾಹಿನಿ ಅದನ್ನು ಭಾನುವಾರದಿಂದ ಶನಿವಾರಕ್ಕೆ ದಬ್ಬಿತು, ನಡುವೆ ನಿಲ್ಲಿಸಿತು, ಉಳಿದ ಕಂತುಗಳನ್ನು ಬೇಸಿಗೆಯಲ್ಲಿ ಹೇಗೋ ತೋರಿಸಿ ಜುಲೈಗೆ ಮುಗಿಸಿತು. ಹದಿಮೂರು ಕಂತಿಗೇ ಆ ರಾಜ್ಯದ ಕಥೆ ತೀರಿತು. ಈ ಪ್ರಯತ್ನದ ಗೆಲುವು ಸೋಲುಗಳೆರಡರಲ್ಲೂ ಕನ್ನಡ ಕಿರುತೆರೆಗೆ ಒಂದು ಪಾಠವಿದೆ. ಹಳೆಯ ರಾಜಕಥೆಯನ್ನು ಹೊಸ ಕಾಲಕ್ಕೆ ತರುವಾಗ ವೇಷಭೂಷಣಕ್ಕಿಂತ ಮೊದಲು ಯೋಚಿಸಬೇಕಾದದ್ದು, ರಾಜನನ್ನು ಎದುರಿಗೇ ನಿಂತು ಕೇಳುವ ಪಾತ್ರಕ್ಕೆ ಎಷ್ಟು ಜಾಗ ಕೊಡುತ್ತೇವೆ ಎಂಬುದನ್ನು.

ಈ ಮಾತಿಗೆ ಬಳ್ಳಾರಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಸೌಲ ಮತ್ತು ದಾವೀದರು ಕನ್ನಡ ಕಲಿತದ್ದು ಇದೇ ಊರಿನಲ್ಲಿ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಮುಂದೆ ಜೊತೆಯಾದ ವಿಲಿಯಂ ರೀವ್ ಮೊದಲಾದವರೊಂದಿಗೆ ಸೇರಿ ಬೈಬಲನ್ನು ಕನ್ನಡಕ್ಕೆ ತಂದರು. 1831ರ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿತ್ತು. ಕಥೆ ಪರದೇಶದ್ದೆಂದು ಬದಿಗೆ ಸರಿಸುವವರು ಇದನ್ನು ನೆನಪಿಡಬೇಕು: ಸುಮಾರು ಇನ್ನೂರು ವರ್ಷಗಳಿಂದ ಅದು ನಮ್ಮ ಭಾಷೆಯೊಳಗೇ ಇದೆ. ಅತ್ತ ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಕಾವ್ಯವಾಗಿಸುವಾಗ ಯಾರ ಅಪ್ಪಣೆಗೂ ಕಾಯಲಿಲ್ಲ. ಇನ್ನು ರಾಜರ ವಿಷಯ. ಗಿಲ್ಬೋವದಲ್ಲಿ ಸೈಲಸ್‌ನ ಸಿಂಹಾಸನ ನಿಂತಿರುವುದು ಕ್ರಾಸ್‌ಜೆನ್ ಎಂಬ ದೊಡ್ಡ ಕಂಪನಿಯ ದುಡ್ಡಿನ ಮೇಲೆ. ಕಂಪನಿ ಕೈ ಎಳೆದುಕೊಂಡರೆ ಖಜಾನೆ ಬರಿದು. ಆ ಧಾರಾವಾಹಿ ಪ್ರಸಾರವಾದ ವರ್ಷವೇ ಬಳ್ಳಾರಿಯ ಗಣಿ ಸಂಪತ್ತಿನಿಂದ ತಿರುಪತಿಯ ತಿಮ್ಮಪ್ಪನಿಗೆ 40 ಕೋಟಿ ರೂಪಾಯಿಗೂ ಮೀರಿದ ವಜ್ರಕಿರೀಟ ಸಂದಿತ್ತು. ಎರಡು ವರ್ಷದ ನಂತರ, 2011ರ ಜುಲೈನಲ್ಲಿ, ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಅಕ್ರಮ ಗಣಿಗಾರಿಕೆಯಿಂದ ರಾಜ್ಯದ ಬೊಕ್ಕಸಕ್ಕೆ ಆದ ನಷ್ಟ 16 ಸಾವಿರ ಕೋಟಿಗೂ ಹೆಚ್ಚೆಂದು ಲೆಕ್ಕ ಕೊಟ್ಟಿತು. ‘ಬಳ್ಳಾರಿ ರಿಪಬ್ಲಿಕ್’ ಎಂಬ ಮಾತು ಹುಟ್ಟಿಕೊಂಡದ್ದು ಆ ಕಾಲದಲ್ಲಿಯೇ. ಪ್ರಜಾಪ್ರಭುತ್ವದ ನಡುವೆ ಒಂದು ರಾಜ್ಯಭಾರ ಹೇಗಿರುತ್ತದೆಂದು ಅಮೆರಿಕದವರು ಕಲ್ಪಿಸಿಕೊಳ್ಳಬೇಕಾಯಿತು. ಈ ಜಿಲ್ಲೆಯವರು ಕೆಂಧೂಳಿನ ನಡುವೆ ನೋಡಿ ತಿಳಿದಿದ್ದಾರೆ.

ಮೂಲ ಕಥೆಯ ತಿರುಳು ಎಲ್ಲಿದೆ? ಕವಣೆ ಕಲ್ಲು, ದೈತ್ಯ, ಯುದ್ಧ ಇವೆಲ್ಲ ಮಕ್ಕಳ ಪುಸ್ತಕಕ್ಕೆ ಸಾಕು. ಸಮುವೇಲನ ಗ್ರಂಥವನ್ನು ಕೂತು ಓದಿದರೆ ರಾಜನಿಗಿಂತ ಮೊದಲು ರಾಜತ್ವದ ಬಗ್ಗೆ ಎಚ್ಚರಿಕೆ ಬರುತ್ತದೆ. ಎಲ್ಲ ದೇಶಗಳಿಗೂ ಇರುವಂತೆ ನಮಗೂ ಒಬ್ಬ ರಾಜ ಬೇಕೆಂದು ಜನ ಹಟ ಹಿಡಿದಾಗ ಮುದಿ ಪ್ರವಾದಿ ಸಮುವೇಲ ಲೆಕ್ಕ ಒಪ್ಪಿಸುತ್ತಾನೆ: ಅವನು ನಿಮ್ಮ ಗಂಡುಮಕ್ಕಳನ್ನು ದಂಡಿಗೆ ಎಳೆದೊಯ್ಯುವನು, ಹೆಣ್ಣುಮಕ್ಕಳನ್ನು ಅಡುಗೆಮನೆಗೆ ಹಚ್ಚುವನು, ಒಳ್ಳೆಯ ಹೊಲಗಳನ್ನು ಕಿತ್ತು ತನ್ನವರಿಗೆ ಹಂಚುವನು, ಬೆಳೆಯಲ್ಲಿ ಹತ್ತನೆಯ ಒಂದು ಪಾಲು ಕೇಳುವನು. ತುಂಗಭದ್ರಾ ಕಾಲುವೆಯ ಕೊನೆಯಂಚಿನಲ್ಲಿ ನೀರಿಗಾಗಿ ಕಾಯುವ ಸಿರುಗುಪ್ಪದ ಭತ್ತದ ರೈತನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮುಂದೆ ದಾವೀದನೇ ರಾಜನಾಗಿ ಸೈನಿಕ ಊರೀಯನ ಹೆಂಡತಿಯನ್ನು ಬಯಸಿ, ಅವನನ್ನು ಯುದ್ಧದಲ್ಲಿ ಸಾಯುವಂತೆ ಮಾಡಿದಾಗ ನಾತಾನ ಎಂಬ ಇನ್ನೊಬ್ಬ ಪ್ರವಾದಿ ಆಸ್ಥಾನಕ್ಕೆ ಬಂದು, ಬಡವನ ಒಂದೇ ಕುರಿಮರಿಯನ್ನು ಕಸಿದ ಶ್ರೀಮಂತನ ಕಥೆ ಹೇಳುತ್ತಾನೆ. ಕೇಳಿ ಸಿಟ್ಟಿಗೆದ್ದ ರಾಜನಿಗೆ, ಆ ಶ್ರೀಮಂತ ನೀನೇ ಎಂದು ಮುಖಕ್ಕೆ ಹೇಳುತ್ತಾನೆ. ದೇವರ ಆಯ್ಕೆಯ ರಾಜನೂ ಪ್ರಶ್ನೆಯನ್ನು ದಾಟಿ ಹೋಗುವಂತಿಲ್ಲ ಎಂಬುದೇ ಈ ಕಥೆಯ ನ್ಯಾಯ. ‘ಕಿಂಗ್ಸ್’ ಈ ನ್ಯಾಯವನ್ನು ಅರ್ಧ ಉಳಿಸಿಕೊಂಡಿತು. ರೆವರೆಂಡ್ ಸ್ಯಾಮ್ಯುಯೆಲ್ಸ್ ಎಂಬ ಪಾದ್ರಿ, ದೇವರು ನಿನ್ನ ಕೈಬಿಟ್ಟಿದ್ದಾನೆಂದು ಸೈಲಸ್‌ಗೆ ನೇರವಾಗಿ ಹೇಳುತ್ತಾನೆ. ಇಡೀ ಸರಣಿಯ ಅತಿ ಗಟ್ಟಿ ದೃಶ್ಯಗಳು ಅವೇ. ಆದರೆ ಸಮುವೇಲನ ಎಚ್ಚರಿಕೆ ಇದ್ದದ್ದು ಜನರಿಗೆ, ಹೊಲ ಕಳೆದುಕೊಳ್ಳುವವರಿಗೆ. ಆ ಜನ ಗಿಲ್ಬೋವದಲ್ಲಿ ಹೆಚ್ಚಾಗಿ ಚಪ್ಪಾಳೆ ತಟ್ಟುವ, ಇಲ್ಲವೇ ದೊಂಬಿ ಎಬ್ಬಿಸುವ ಗುಂಪಾಗಿ ಮಾತ್ರ ಕಾಣಿಸುತ್ತಾರೆ. ಅರಮನೆಯೊಳಗಿನ ಪಿತೂರಿಗಳು ಬೆಳೆದಷ್ಟೂ ಹೊರಗಿನ ರಾಜ್ಯ ಸಣ್ಣದಾಗುತ್ತ ಹೋಗುತ್ತದೆ.

ನಮ್ಮ ಬಯಲಾಟ ಈ ತಪ್ಪು ಮಾಡುವುದಿಲ್ಲ. ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡು ಸೀಮೆಯ ಊರುಗಳಲ್ಲಿ ಜಾತ್ರೆ, ಹಬ್ಬಗಳಿಗೆ ಇಂದಿಗೂ ಅಟ್ಟ ಕಟ್ಟಿ ರಾತ್ರಿಯಿಡೀ ಆಡುವ ದೊಡ್ಡಾಟದಲ್ಲಿ ಎಂಥ ಚಕ್ರವರ್ತಿಯೇ ಇರಲಿ, ಭುಜಕೀರ್ತಿ ಕಟ್ಟಿ ಅಬ್ಬರಿಸಿ ಕುಣಿದು ಬಂದವನು ಮೊದಲು ಸಾರಥಿಗೆ ಉತ್ತರ ಕೊಡಬೇಕು. ತಾವು ಯಾರು, ಯಾವ ಪಟ್ಟಣದವರು, ಇಲ್ಲಿಗೆ ಬಂದ ಕಾರಣವೇನು ಎಂದು ಸಾರಥಿ ವಿಚಾರಿಸದೆ ಯಾವ ರಾಜನೂ ರಾಜನಾಗುವುದಿಲ್ಲ. ಕಿರೀಟ ತೊಟ್ಟವನು ಗ್ರಾಂಥಿಕ ಭಾಷೆಯಲ್ಲಿ ಗುಡುಗುತ್ತಾನೆ. ಸಾರಥಿ ಊರಿನ ಆಡುಮಾತಿನಲ್ಲಿ ಚುಚ್ಚುತ್ತಾನೆ. ದ್ವಾಪರಯುಗದ ಯುದ್ಧದ ನಡುವೆ ಈ ವರ್ಷದ ಮಳೆ, ಗೊಬ್ಬರದ ದರ, ಪಂಚಾಯ್ತಿಯ ಜಗಳ ನುಸುಳಿಬಿಡುತ್ತವೆ. ತೊಗಲುಗೊಂಬೆಯಾಟದಲ್ಲಿ ಈ ಕೆಲಸ ಕಿಳ್ಳೇಕ್ಯಾತನದು. ರಾಮ ರಾವಣರ ಪರದೆಯ ಮೇಲೇ ಅವನೂ ಬಂಗಾರಕ್ಕನೂ ಕಾಣಿಸಿಕೊಂಡು ನಾಚಿಕೆ ಬಿಟ್ಟು ಇವತ್ತಿನ ಮಾತಾಡುತ್ತಾರೆ. ವಿದ್ವಾಂಸರು ಇದನ್ನು ಹಾಸ್ಯ, ಬೇಸರ ಕಳೆಯುವ ಉಪಾಯ ಎಂದು ಬದಿಗಿಡುವುದುಂಟು. ಕಟ್ಟಡಕ್ಕೆ ಕಂಬವಿದ್ದಂತೆ ಅದು. ತೆಗೆದರೆ ಮೇಲಿನ ವೈಭವವೆಲ್ಲ ಕುಸಿಯುತ್ತದೆ. ಪುರಾಣದ ಕಾಲವನ್ನೂ ಇವತ್ತನ್ನೂ ಒಂದೇ ಅಟ್ಟದ ಮೇಲೆ ನಿಲ್ಲಿಸುವ ಈ ವಿದ್ಯೆ ನಮ್ಮಲ್ಲಿ ಎಷ್ಟು ಹಳೆಯದೆಂದರೆ, ಅಮೆರಿಕದ ಪರ್ಯಾಯ ಲೋಕದ ಕಲ್ಪನೆ ಇಲ್ಲಿನ ಪ್ರೇಕ್ಷಕನಿಗೆ ಹೊಸತಾಗಿ ಕಾಣಬೇಕಾಗಿಯೇ ಇಲ್ಲ.

ನಗರದ ರಂಗಭೂಮಿಯೂ ಹಳೆಯ ಕಥೆಯನ್ನು ಇದ್ದಂತೆಯೇ ಒಪ್ಪಿಸುವುದಕ್ಕೆ ತೃಪ್ತಿಪಟ್ಟದ್ದಲ್ಲ. ಬಳ್ಳಾರಿಯಲ್ಲಿ ವಕೀಲರಾಗಿದ್ದ ಧರ್ಮವರಂ ರಾಮಕೃಷ್ಣಮಾಚಾರ್ಯರು ನಾಟಕ ಮಂಗಳದಲ್ಲೇ ಮುಗಿಯಬೇಕೆಂಬ ಕಟ್ಟಳೆಯನ್ನು ಮೀರಿ ಸಾರಂಗಧರನ ಕಥೆಯನ್ನು ದುರಂತವಾಗಿಯೇ ರಂಗಕ್ಕೆ ತಂದರು. ಅದೇ ಊರಿನ ಇನ್ನೊಬ್ಬ ವಕೀಲ ಕೋಲಾಚಲಂ ಶ್ರೀನಿವಾಸರಾಯರು ಹತ್ತಿರದ ಹಂಪಿಯ ಪತನವನ್ನು ನಾಟಕವಾಗಿಸಿದರು. ಧರ್ಮವರಂ ಅವರ ಸೋದರಳಿಯ, 1880ರಲ್ಲಿ ಹುಟ್ಟಿದ ಬಳ್ಳಾರಿ ರಾಘವ, ಪುರಾಣದ ಪಾತ್ರಗಳನ್ನೂ ಶೇಕ್ಸ್‌ಪಿಯರನ ಪಾತ್ರಗಳನ್ನೂ ಒಂದೇ ಮೈಯಲ್ಲಿ ಹೊತ್ತರು, ಹಾಡಿನ ಅಬ್ಬರಕ್ಕಿಂತ ಸಹಜ ಅಭಿನಯ ಮುಖ್ಯವೆಂದರು, ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬರಬೇಕೆಂದು ಹಟ ಹಿಡಿದರು. ಆ ಕಾಲಕ್ಕೆ ಇವೆಲ್ಲ ಸಂಪ್ರದಾಯದ ಮೇಲಿನ ದಾಳಿ ಎನಿಸಿದ್ದವು. ಇಂದು ರಾಘವ ಕಲಾಮಂದಿರ ಅವರ ಹೆಸರಿನಲ್ಲೇ ನಿಂತಿದೆ. ನಮ್ಮ ಕಾಲದಲ್ಲಿ, 2023ರಲ್ಲಿ ತೀರಿಕೊಂಡ ಬೆಳಗಲ್ಲು ವೀರಣ್ಣನವರು ರಾಮಾಯಣ ಆಡುತ್ತಿದ್ದ ತೊಗಲುಗೊಂಬೆಗಳ ಪಕ್ಕದಲ್ಲಿ ಗಾಂಧಿಯ ಗೊಂಬೆ ಕೊರೆದು ಸ್ವಾತಂತ್ರ್ಯ ಹೋರಾಟವನ್ನು ಪರದೆಗೆ ತಂದರು. ಬಳ್ಳಾರಿಯಲ್ಲಿ ಸಂಪ್ರದಾಯ ಉಳಿದದ್ದು ಅದನ್ನು ಹೊಸ ಕೆಲಸಕ್ಕೆ ಹಚ್ಚಿದವರಿಂದ.

ಇದರ ಪಕ್ಕ ಕನ್ನಡ ಕಿರುತೆರೆಯ ಪೌರಾಣಿಕಗಳನ್ನಿಟ್ಟು ನೋಡಿ. ‘ಹರ ಹರ ಮಹಾದೇವ’ದಿಂದ ‘ಶನಿ’ಯವರೆಗೆ, 2020ರ ಲಾಕ್‌ಡೌನಿನಲ್ಲಿ ಡಬ್ ಆಗಿ ಬಂದ ‘ಮಹಾಭಾರತ’ವೂ ಸೇರಿದಂತೆ, ಅವುಗಳಿಗೆ ದೊಡ್ಡ ಪ್ರೇಕ್ಷಕವರ್ಗ ಸಿಕ್ಕಿದ್ದು ನಿಜ. ಗ್ರಾಫಿಕ್ಸ್ ಸುಧಾರಿಸಿದೆ, ಆಭರಣ ಹೆಚ್ಚಿದೆ, ಕಣ್ಣು ಕೋರೈಸುವ ಸೆಟ್ಟುಗಳಿವೆ. ಇಲ್ಲದಿರುವುದು ಸಾರಥಿ. ಅಲ್ಲಿ ರಾಜನನ್ನು ಪ್ರಶ್ನಿಸುವವನು ಒಂದೋ ಖಳ, ಇಲ್ಲವೇ ಕೊನೆಗೆ ಕಾಲಿಗೆ ಬೀಳಲೆಂದೇ ಇರುವ ಅಹಂಕಾರಿ. ನೋಡುವವರಿಗೆ ಉಳಿಯುವುದು ಕೈಮುಗಿಯುವ ಕೆಲಸ ಒಂದೇ. ಬೇರೆ ದಾರಿ ಸಾಧ್ಯವೆಂಬುದಕ್ಕೆ ಸಾಕ್ಷಿ ನಮ್ಮವರಲ್ಲೇ ಇದೆ. ಶ್ಯಾಮ್ ಬೆನಗಲ್ 1981ರಲ್ಲಿ ತೆಗೆದ ‘ಕಲಿಯುಗ್’ ಮಹಾಭಾರತವನ್ನು ಎರಡು ಉದ್ಯಮಿ ಕುಟುಂಬಗಳ ಟೆಂಡರು, ಕಾರ್ಖಾನೆ, ಆದಾಯ ತೆರಿಗೆ ದಾಳಿಗಳ ಲೋಕಕ್ಕೆ ತಂದಿತು. ಅದರ ಚಿತ್ರಕಥೆಯಲ್ಲಿ ಗಿರೀಶ ಕಾರ್ನಾಡರ ಕೈಯಿತ್ತು, ಅರ್ಜುನನಿಗೆ ಸಮನಾದ ಪಾತ್ರ ಅನಂತ್‌ನಾಗ್ ಅವರದಾಗಿತ್ತು. ಅಲ್ಲಿ ಕೃಷ್ಣನ ಉಪದೇಶವಿಲ್ಲ, ಗೆದ್ದವರಿಗೆ ಧರ್ಮದ ಸಮಾಧಾನವೂ ಇಲ್ಲ. ಕೊಂದದ್ದಕ್ಕೆ ಕಾರಣ ಕೇಳುವ ಹೊಣೆ ನೋಡುವವರ ಮೇಲೇ ಬೀಳುತ್ತದೆ.

ಎರಡು ಆಕ್ಷೇಪಗಳು ಖಂಡಿತ ಬರುತ್ತವೆ. ಮೊದಲನೆಯದು ಭಾವನೆಗೆ ಧಕ್ಕೆಯಾಗುತ್ತದೆಂಬುದು, ಅದರ ಜೊತೆಗೇ ಪುರಾಣವನ್ನು ತಿರುಚುವ ಹಕ್ಕು ಯಾರು ಕೊಟ್ಟರೆಂಬುದು. ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಕುವೆಂಪು ‘ಶೂದ್ರ ತಪಸ್ವಿ’ ಬರೆದಾಗ ಮಾಸ್ತಿಯಂಥ ಮಾಸ್ತಿಯವರೇ ಹಳೆಯ ಕಥೆಯನ್ನು ಹೀಗೆ ಬದಲಿಸಬಾರದೆಂದರು, ಬೇಕಿದ್ದರೆ ಹೊಸ ಕಥೆಯನ್ನೇ ಕಟ್ಟಲಿ ಎಂಬುದು ಅವರ ನಿಲುವು. ಕುವೆಂಪು ಅದಕ್ಕೆ ಉತ್ತರವನ್ನೂ ಕೊಟ್ಟರು. ಆ ಚರ್ಚೆಯಲ್ಲಿ ಯಾರ ಪರ ನಿಂತರೂ ಪರ್ಯಾಯ ಲೋಕದ ಕಥೆಗೆ ತೊಂದರೆಯಿಲ್ಲ. ಅಲ್ಲಿ ರಾಮನ ಹೆಸರಿನಲ್ಲಿ ಯಾರೂ ಬರುವುದಿಲ್ಲ, ಸೌಲನ ಹೆಸರಿನಲ್ಲೂ ಇಲ್ಲ; ಸೈಲಸ್ ಬರುತ್ತಾನೆ. ಮೂಲಗ್ರಂಥ ತನ್ನ ಜಾಗದಲ್ಲಿ ಭದ್ರವಾಗಿರುತ್ತದೆ, ಹೊಸ ಕಥೆ ತನ್ನ ತಪ್ಪುಒಪ್ಪುಗಳಿಗೆ ತಾನೇ ಹೊಣೆಯಾಗುತ್ತದೆ. ಮಾಸ್ತಿಯವರ ವಾದವನ್ನು ಒಪ್ಪಿದವರೂ ಬರೆಯಬಹುದಾದ ಬಗೆ ಇದು. ಭಕ್ತಿಯ ಮಾತಿಗೆ ಬಂದರೆ, ಗಣಪತಿಯ ಸ್ತುತಿಯಿಂದ ಆಟ ಶುರುಮಾಡಿ ಮಂಗಳ ಹಾಡಿ ಮುಗಿಸುವ ಜನರೇ ನಡುವೆ ಸಾರಥಿಯ ಕೈಯಲ್ಲಿ ರಾಜನನ್ನು ಕಿಚಾಯಿಸುತ್ತಾರೆ. ಅವರ ನಂಬಿಕೆ ಅದರಿಂದ ಸಡಿಲವಾಗಿದೆಯೆಂದು ಯಾರೂ ಹೇಳಿಲ್ಲ. ಪ್ರಶ್ನೆಗೆ ಹೆದರುವುದು ದೇವರ ಹೆಸರಿನಲ್ಲಿ ಆಳುವವನ ಸ್ವಭಾವ.

ಎರಡನೆಯದು ದುಡ್ಡಿನ ಆಕ್ಷೇಪ. ಅಷ್ಟು ದೊಡ್ಡ ವಾಹಿನಿ, ಅಂಥ ನಟರು, ಅಷ್ಟು ಖರ್ಚು, ಆದರೂ ‘ಕಿಂಗ್ಸ್’ ಬಿದ್ದಮೇಲೆ ಕನ್ನಡದಲ್ಲಿ ಯಾರು ಕೈಹಾಕುತ್ತಾರೆ? ವಾರದ ದಿನ ಬದಲಿಸಿ ಪ್ರೇಕ್ಷಕನನ್ನು ದಾರಿ ತಪ್ಪಿಸಿದ್ದೂ ಆ ಸೋಲಿಗೆ ಒಂದು ಕಾರಣ ಎನ್ನಬಹುದು. ಆದರೆ ಒಳಗಿನ ಕಾರಣ ಬೇರೆ: ಯಾರ ಮೇಲೆ ರಾಜ್ಯಭಾರ ನಡೆಯುತ್ತಿದೆಯೋ ಅವರ ಮನೆಯೊಳಕ್ಕೆ ಕಥೆ ಹೋಗಲೇ ಇಲ್ಲ. ನಮ್ಮಲ್ಲಿ ಹಳ್ಳಿಯ ಹವ್ಯಾಸಿಗಳು ಕೈಯಿಂದ ಚಂದಾ ಹಾಕಿ ‘ರಕ್ತರಾತ್ರಿ’, ‘ಕುರುಕ್ಷೇತ್ರ’ಗಳನ್ನು ದಶಕಗಳಿಂದ ಆಡುತ್ತಲೇ ಇದ್ದಾರೆ, ಜನ ಬೆಳಗಿನವರೆಗೆ ಕೂತು ನೋಡುತ್ತಲೇ ಇದ್ದಾರೆ. ಸುಭದ್ರಮ್ಮ ಮನ್ಸೂರರ ಕಂಠದಲ್ಲಿ ದ್ರೌಪದಿಯ ಪ್ರಶ್ನೆ ಕೇಳಿದವರು ಈ ಜಿಲ್ಲೆಯಲ್ಲಿ ಸಾವಿರಾರು ಮಂದಿ. ಹೆಂಡತಿಯನ್ನು ಪಣಕ್ಕಿಟ್ಟ ರಾಜರನ್ನು ತುಂಬಿದ ಸಭೆಯಲ್ಲಿ ನಿಲ್ಲಿಸಿ ಕೇಳುವ ಹೆಣ್ಣಿನ ಪಾತ್ರಕ್ಕೆ ಇಲ್ಲಿ ಎಂದೂ ಪ್ರೇಕ್ಷಕರ ಬರ ಬಂದಿಲ್ಲ. ದಿನವೂ ಅರ್ಧ ಗಂಟೆಯಂತೆ ಸಾವಿರ ಕಂತು ಎಳೆಯುವ ಧಾರಾವಾಹಿಯ ಲೆಕ್ಕದಲ್ಲಿ ಇದು ಕೂಡಿಬರುವುದಿಲ್ಲ ಎಂಬುದನ್ನು ಒಪ್ಪಬೇಕು. ಹತ್ತು ಹನ್ನೆರಡು ಕಂತಿನಲ್ಲಿ ಮುಗಿಯುವ ಬಿಗಿಯಾದ ಸರಣಿಗೆ ಮಾತ್ರ ಇದು ಒದಗುತ್ತದೆ. ಓಟಿಟಿಯ ಕಾಲದಲ್ಲಿ ಅದು ಅಸಾಧ್ಯವೇನಲ್ಲ.

ಕಥೆಗಾಗಿ ದೂರ ಹುಡುಕಬೇಕಿಲ್ಲ. ಅದೇ ಬೈಬಲಿನಲ್ಲಿ ನಾಬೋತನೆಂಬ ರೈತನಿದ್ದಾನೆ. ಅವನ ದ್ರಾಕ್ಷಿತೋಟ ಅರಮನೆಯ ಪಕ್ಕದಲ್ಲಿದೆ, ರಾಜ ಅಹಾಬನಿಗೆ ಅದು ಬೇಕು. ಬೆಲೆ ಕೊಡುತ್ತೇನೆ, ಬದಲಿ ಭೂಮಿ ಕೊಡುತ್ತೇನೆ ಎಂದರೂ ಹಿರಿಯರ ಆಸ್ತಿ ಮಾರಲಾರೆ ಎನ್ನುತ್ತಾನೆ ನಾಬೋತ. ರಾಣಿ ಈಜೆಬೆಲ ಸುಳ್ಳು ಸಾಕ್ಷಿ ಹುಟ್ಟಿಸಿ ಅವನನ್ನು ಕೊಲ್ಲಿಸುತ್ತಾಳೆ, ರಾಜ ತೋಟಕ್ಕೆ ಕಾಲಿಡುತ್ತಿದ್ದಂತೆ ಪ್ರವಾದಿ ಎಲೀಯ ಎದುರಾಗುತ್ತಾನೆ. ಬಳ್ಳಾರಿಯಿಂದ ಹೊಸಪೇಟೆಯ ದಾರಿಯಲ್ಲಿರುವ ಕುಡಿತಿನಿ ಸುತ್ತಿನ ಹಳ್ಳಿಗಳಲ್ಲಿ 2010ರ ಸುಮಾರಿಗೆ ಉಕ್ಕಿನ ಕಾರ್ಖಾನೆಗಳಿಗೆಂದು ಸಾವಿರಾರು ಎಕರೆ ವಶವಾಯಿತು. ಹೇಳಿದ ಕಾರ್ಖಾನೆ ಏಳಲಿಲ್ಲ, ಹೇಳಿದ ಕೆಲಸ ಸಿಗಲಿಲ್ಲ ಎಂದು ರೈತರು 2022ರ ಡಿಸೆಂಬರಿನಿಂದ ದೀರ್ಘ ಧರಣಿ ಕೂತರು. ಇಲ್ಲಿ ನಡೆದದ್ದು ಕೊಲೆಯ ಕಥೆಯಲ್ಲ, ಕಾನೂನಿನ ಕಾಗದಪತ್ರಗಳ ಕಥೆ. ಎರಡನ್ನೂ ಒಂದೇ ಎನ್ನುವುದು ಅನ್ಯಾಯ. ಆದರೆ ಬೇಕೆನಿಸಿದ ಭೂಮಿಗೂ ಬಿಡಲಾರದ ಭೂಮಿಗೂ ನಡುವಿನ ಜಗಳ ಅದೇ, ಅಧಿಕಾರದ ಎದುರು ನಿಂತು ಕೇಳುವವರ ಅಗತ್ಯವೂ ಅದೇ. ಒಂದು ನದಿ, ಒಂದು ಅಣೆಕಟ್ಟು, ಒಂದು ಕಬ್ಬಿಣದ ಗುಡ್ಡ ಇರುವ ಕಲ್ಪಿತ ಸಂಸ್ಥಾನದಲ್ಲಿ ನಾಬೋತನ ಕಥೆಯನ್ನು ಕನ್ನಡದಲ್ಲಿ ಕಟ್ಟಬಲ್ಲವರು ನಮ್ಮಲ್ಲಿದ್ದಾರೆ. ಅಂಥ ಸರಣಿಗೆ ವಾಹಿನಿಗಳು ಮುಂದಾದರೆ ಅರಮನೆಯ ಸೆಟ್ಟಿಗೆ ಬಜೆಟ್ ಹಾಕುವ ಮೊದಲು ಸಿರುಗುಪ್ಪ, ಕುರುಗೋಡಿನ ಬಯಲಾಟದ ಮಾಸ್ತರರನ್ನು ಕರೆಸಿ ಬರಹಗಾರರ ಜೊತೆ ಕೂರಿಸಲಿ. ರಾಜನ ಸಂಭಾಷಣೆಯನ್ನು ಯಾರು ಬೇಕಾದರೂ ಬರೆದಾರು. ಸಾರಥಿಯ ಪ್ರಶ್ನೆಗಳನ್ನು ಬರೆಯುವುದು ಇವರಿಗೆ ಗೊತ್ತು.