ಅಜ್ಜನ ಕೋವಿ ಯಾರದು?

ತರೀಕೆರೆಯ ಅಡಿಕೆ ತೋಟ, ಕಡೂರಿನ ತೆಂಗಿನ ತೋಟ, ಅಜ್ಜಂಪುರದ ಈರುಳ್ಳಿ ಹೊಲ - ಕಾಯುವವರಿಗೆ ಕೋವಿಯೊಂದಿದ್ದರೆ ಧೈರ್ಯ, ನಿಜ. ಆದರೆ ಹಳೇ ಕೋವಿಯನ್ನಾಗಲಿ, ರಿವಾಲ್ವರನ್ನಾಗಲಿ ಹಳೇ ಸೈಕಲ್ಲಿನಂತೆ ಕೊಳ್ಳಲು ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಕೊಳ್ಳುವವನಿಗೆ 21 ವರ್ಷ ತುಂಬಿರಬೇಕು, ಅವನ ಹೆಸರಿನಲ್ಲೇ ಲೈಸೆನ್ಸ್ ಇರಬೇಕು. ಮಾರುವವನು ಠಾಣೆಗೆ ಬರೆದು ತಿಳಿಸಿ 45 ದಿನ ಕಾಯಬೇಕು.

ಅಜ್ಜ ತೀರಿಕೊಂಡರೆ? ಲೈಸೆನ್ಸ್ ಅಜ್ಜನೊಂದಿಗೇ ಹೋಯಿತು. ಮನೆಯವರು ಲೈಸೆನ್ಸ್ ಪಡೆಯುವವರೆಗೆ ಕೋವಿ ಠಾಣೆಯಲ್ಲೋ ಪರವಾನಗಿಯುಳ್ಳ ಕೋವಿ ಅಂಗಡಿಯಲ್ಲೋ ಇರಬೇಕು. ಇಲ್ಲದಿದ್ದರೆ 2019ರ ತಿದ್ದುಪಡಿಯಂತೆ 2ರಿಂದ 5 ವರ್ಷ ಸೆರೆವಾಸ. ವಿದ್ಯಾರ್ಥಿಯ ಓದು, ನೌಕರಿ ಎರಡೂ ಕೈಬಿಡಲು ಅಷ್ಟು ಸಾಕು.

ತಂದೆತಾಯಂದಿರೇ, ಅಟ್ಟದ ಮೇಲೊಂದು ಕೋವಿ ಉಳಿದಿದ್ದರೆ ಇವತ್ತೇ ಠಾಣೆಗೆ ತಿಳಿಸಿ. ಮಕ್ಕಳು ಅಟ್ಟ ಹತ್ತುವ ಮೊದಲು.