ಮೂಲ ಪ್ರಮಾಣಪತ್ರ: ಅದಿರು ಕಲಿಸಿದ ಪಾಠ ಮೀನಿಗೂ ಅನ್ವಯ

ಐರೋಪ್ಯ ಒಕ್ಕೂಟಕ್ಕೆ ಕಡಲ ಮೀನು, ಬೊಂಡಾಸ ಮುಂತಾದವನ್ನು ರಫ್ತು ಮಾಡುವವರು 1-1-2010ರಿಂದ ಸರಕಿನೊಡನೆ ‘ಕ್ಯಾಚ್ ಸರ್ಟಿಫಿಕೇಟ್’ ಒದಗಿಸುವುದು ಕಡ್ಡಾಯವಾಗಿದೆ. ದೋಣಿಯ ಹೆಸರು, ನೋಂದಣಿ ಸಂಖ್ಯೆ, ಮೀನು ಹಿಡಿದ ಪ್ರದೇಶ ಮತ್ತು ದಿನಾಂಕ, ಜಾತಿ, ತೂಕ ಇವೆಲ್ಲವೂ ಅದರಲ್ಲಿ ನಮೂದಾಗಬೇಕು. ಭಾರತದಲ್ಲಿ ಇದನ್ನು ದೃಢೀಕರಿಸುವುದು ಸಾಗರ ಉತ್ಪನ್ನಗಳ ರಫ್ತು ಅಭಿವೃದ್ಧಿ ಪ್ರಾಧಿಕಾರ. 10-1-2026ರಿಂದ ಅಲ್ಲಿನ ಆಮದುದಾರರು ಈ ದಾಖಲೆಗಳನ್ನು ಗಣಕೀಕೃತ ವ್ಯವಸ್ಥೆಯಲ್ಲಿಯೇ ಸಲ್ಲಿಸಬೇಕಾಗಿದೆ.

ಕಡಲಿನಿಂದ ದೂರವಿರುವ ಹಿರಿಯೂರಿನ ವರ್ತಕರಿಗೆ ಇದು ಪರರ ಚಿಂತೆಯೆನಿಸಬಹುದು. ವಾಣಿವಿಲಾಸ ಸಾಗರದಂತಹ ಸಿಹಿನೀರಿನ ಮೀನಿಗೆ ಈ ನಿಯಮದಿಂದ ವಿನಾಯಿತಿಯೂ ಇದೆ. ಆದರೆ ಸರಕಿನ ಮೂಲ ಸಂಶಯಾಸ್ಪದವಾದರೆ ಏನಾಗುವುದೆಂಬುದನ್ನು ಚಿತ್ರದುರ್ಗ ಜಿಲ್ಲೆ ಬಲ್ಲದು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಕಬ್ಬಿಣದ ಅದಿರಿನ ರಫ್ತನ್ನು ತಡೆಯಿತು. 2011ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನೇ ಸ್ಥಗಿತಗೊಳಿಸಿತು. ಅಕ್ರಮ ಎಸಗಿದವರೊಡನೆ ನಿಯಮ ಪಾಲಿಸಿದವರ ಗಣಿಗಳೂ ನಿಂತವು; ಲಾರಿ ಮಾಲೀಕರಿಂದ ಬಿಡಿಭಾಗದ ಅಂಗಡಿಯವರೆಗೆ ನಷ್ಟ ಹರಡಿತು. ರಫ್ತಿನ ನಿರ್ಬಂಧ ಸಡಿಲಗೊಂಡದ್ದು 2022ರಲ್ಲಿ.

ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಹೇಳುವುದಾದರೆ, ಮೊದಲ ನಮೂದು ಸತ್ಯವಾಗಿರದ ಹೊರತು ಕೊನೆಯ ಮೊಹರಿಗೆ ಬೆಲೆಯಿಲ್ಲ. ಬಂದರಿನಲ್ಲಿ 10 ಟನ್ ಇಳಿದ ದಾಖಲೆಯ ಮೇಲೆ, ತಲೆ ಕತ್ತರಿಸಿ ಶುಚಿಗೊಳಿಸಿದ 12 ಟನ್ ಸರಕು ಹೊರಟರೆ ಆ ಪತ್ರ ಸುಳ್ಳೆಂಬುದು ಸ್ಪಷ್ಟ. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧದ ಅವಧಿಯಲ್ಲಿ ಯಾಂತ್ರೀಕೃತ ದೋಣಿಯೊಂದು ರಾಜ್ಯದ ಕಡಲಿನಲ್ಲಿ ಮೀನು ಹಿಡಿದಂತೆ ನಮೂದಾಗಿದ್ದರೂ ಅಷ್ಟೇ. ಇಳಿದಾಣದ ತೂಕ, ಖರೀದಿ ಬಿಲ್ಲು, ಸಂಸ್ಕರಣಾ ಘಟಕದ ದಾಸ್ತಾನು ಪುಸ್ತಕ, ರಫ್ತು ಬೀಜಕ ಈ ನಾಲ್ಕೂ ಪರಸ್ಪರ ತಾಳೆಯಾಗಬೇಕು.

ಇದರಿಂದ ಸಣ್ಣ ದೋಣಿಗಳವರಿಗೆ ಕಾಗದಪತ್ರದ ಹೊರೆ ಹೆಚ್ಚುವುದೆಂಬ ಆಕ್ಷೇಪವನ್ನು ಅಲ್ಲಗಳೆಯಲಾಗದು. ಐರೋಪ್ಯ ನಿಯಮವೇ ಸಣ್ಣ ದೋಣಿಗಳಿಗೆ ಸರಳ ನಮೂನೆಯನ್ನು ಒದಗಿಸಿದೆ. ಮಂಗಳೂರು, ಮಲ್ಪೆ ಬಂದರುಗಳಲ್ಲಿ ಮೀನು ಇಳಿಯುವ ಹೊತ್ತಿಗೇ ದಾಖಲಿಸಿಕೊಳ್ಳುವ ಸಿಬ್ಬಂದಿಯನ್ನು ಸರ್ಕಾರ ಒದಗಿಸಿ, ಅದರ ವೆಚ್ಚವನ್ನು ರಫ್ತುದಾರರು ಹಂಚಿಕೊಳ್ಳುವುದು ನ್ಯಾಯೋಚಿತ; ಪ್ರಮಾಣಪತ್ರದ ಲಾಭ ಸಲ್ಲುವುದು ಅವರಿಗೇ.

ಗಣಿಗೆ ಬೀಗ ಬಿದ್ದ ಮೇಲೆ ಸಾಚಾ ವ್ಯಾಪಾರಿ ತನ್ನ ಪರವಾನಗಿ ತೋರಿಸಿ ಪ್ರಯೋಜನವಾಗಲಿಲ್ಲ. ಕರಾವಳಿಯ ರಫ್ತುದಾರರಿಗೆ ಆ ಸ್ಥಿತಿ ಒದಗುವ ಮುನ್ನ, ನೆರೆಯವನ ಸುಳ್ಳು ಲೆಕ್ಕ ತನ್ನ ವ್ಯಾಪಾರಕ್ಕೂ ಕುತ್ತೆಂಬುದನ್ನು ಅವರು ಮನಗಾಣಬೇಕು.